ಮೇಷ್ಟ್ರು ಊರಗೌಡರಾದಾಗ

ಪ್ರಬಂಧಕ್ಕೆ ಮೂರು ಭಾಗ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ನಮ್ಮ ಯಾವ ಪ್ರೌಢಶಾಲೆಯಲ್ಲಿ ಕೇಳಿದರೂ ಮಕ್ಕಳು ನಿದ್ದೆಗಣ್ಣಲ್ಲೂ ಇದನ್ನು ಒಪ್ಪಿಸುತ್ತಾರೆ. ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು, ಗ್ರಂಥಾಲಯದ ಮಹತ್ವ ಎಲ್ಲವೂ ಗೈಡಿನಲ್ಲಿ ಸಿದ್ಧವಾಗಿವೆ. ಬಾಯಿಪಾಠ ಮಾಡಿ ಇಳಿಸಿದರೆ ಅಂಕಕ್ಕೆ ಮೋಸವಿಲ್ಲ. ಗ್ರಂಥಾಲಯವನ್ನು ಕಣ್ಣಲ್ಲೇ ಕಾಣದ ಹುಡುಗ ಅದರ ಮಹತ್ವದ ಬಗ್ಗೆ ಎರಡು ಪುಟ ಬರೆಯುತ್ತಾನೆ. ಅದೇ ಹುಡುಗನಿಗೆ ಅವನ ಊರಿನ ಸಂತೆಯ ಬಗ್ಗೆ ಬರೆ ಎನ್ನಿ, 'ಸಾರ್, ಪೀಠಿಕೆ ಏನು ಬರೀಲಿ?' ಎಂದು ಪೆನ್ನು ಕಚ್ಚುತ್ತಾ ಕೂರುತ್ತಾನೆ. ಸಂತೆಯಲ್ಲಿ ಅಪ್ಪನ ಜೊತೆ ನಿಂತು ಮೆಣಸಿನಕಾಯಿ ಮಾರುವಾಗ ಅವನ ಬಾಯಿಗೆ ಪೀಠಿಕೆಯೇ ಬೇಕಿರುವುದಿಲ್ಲ.

ಕಥೆಯ ಪಾಠಕ್ಕೂ ಇದೇ ಗತಿ. 'ಈ ಮಾತನ್ನು ಯಾರು ಯಾರಿಗೆ ಹೇಳಿದರು?', 'ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ.' ಈ ಪ್ರಶ್ನೆಗಳೇ ತಪ್ಪು ಎಂದು ನಾನು ಹೇಳುವುದಿಲ್ಲ. ಕಥೆಯನ್ನು ಗಮನವಿಟ್ಟು ಓದಿದ್ದಾರೋ ಇಲ್ಲವೋ ಎಂದು ತಿಳಿಯಲು ಅವು ಸಾಕು. ಆದರೆ ಸ್ವಾರಸ್ಯವನ್ನೂ ಗೈಡೇ ಬರೆದುಕೊಟ್ಟ ಮೇಲೆ ಮಗುವಿಗೆ ಸವಿಯಲು ಉಳಿಯುವುದೇನು?

ಮಲೆನಾಡಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕುಳಿತು ನೋಡಿದ ತರಗತಿಯೊಂದನ್ನು ಇಲ್ಲಿ ಹೇಳಬೇಕು. ಪಾಠ, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಬ್ರೌನಿಂಗ್ ಕವಿಯ ಜರ್ಮನಿಯ ಊರನ್ನು ತುಂಗಾ ತೀರಕ್ಕೆ ತಂದಿಟ್ಟ ಪದ್ಯ: ಇಲಿ ಓಡಿಸಿದ ಜೋಗಿಗೆ ಊರಗೌಡರು ದುಡ್ಡು ಕೊಡದೆ ಮಾತು ತಪ್ಪುತ್ತಾರೆ, ಜೋಗಿ ಊರಿನ ಮಕ್ಕಳನ್ನು ಕರೆದೊಯ್ಯುತ್ತಾನೆ. ನಾಡಿನ ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚು ಬಾರಿ ರಂಗಕ್ಕೇರಿದ ಪದ್ಯ ಇನ್ನೊಂದು ಇರಲಾರದು. ಮೇಷ್ಟ್ರು ಪದ್ಯ ಓದಿ ಮುಗಿಸಿದರು. ಅರ್ಥ ಹೇಳಲಿಲ್ಲ. ಕುರ್ಚಿಯ ಮೇಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತು, 'ಏನ್ರಯ್ಯಾ, ಬೆಳಿಗ್ಗೆ ಬೆಳಿಗ್ಗೆ ಊರಿಗೆ ಊರೇ ಬಂದಿದೀರಿ, ಏನ್ ಸಮಾಚಾರ?' ಎಂದರು.

ತರಗತಿ ಒಂದು ಕ್ಷಣ ಕಕ್ಕಾಬಿಕ್ಕಿ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, 'ಗೌಡ್ರೇ, ನಮ್ ಮಕ್ಕಳೆಲ್ಲಿ?' ಎಂದ. ಅಲ್ಲಿಂದ ಶುರುವಾಯಿತು. ಜೋಗಿಗೆ ಕೊಟ್ಟ ಮಾತು ಯಾಕೆ ತಪ್ಪಿದಿರಿ ಎಂದು ಒಬ್ಬಳ ಪ್ರಶ್ನೆ. ಊರಿನ ದುಡ್ಡು, ನಾನೊಬ್ಬನೇ ಹೇಗೆ ಕೊಡಲಿ ಎಂದು ಗೌಡರ ಜಾರಿಕೆ. 'ಇಲಿ ಹೋದಾಗ ನಾನೇ ಓಡಿಸ್ದೆ ಅಂತ ಮೀಸೆ ತಿರುವಿದ್ರಿ, ದುಡ್ಡು ಕೊಡೋವಾಗ ಊರು ನೆನಪಾಯ್ತಾ?' ಎಂದು ಆಕೆ ತಿರುಗಿ ಬಿದ್ದಳು. ಮೇಷ್ಟ್ರು ನಿಜಕ್ಕೂ ಮಾತಿಗೆ ತಡಕಾಡಿದರು. ಪಾಠ ಹೇಳುವವರನ್ನು ನಿಲ್ಲಿಸಿ ಕೇಳುವ ಸಲಿಗೆ ಆ ಟವೆಲಿನಿಂದ ಬಂದಿತ್ತು.

ಇಪ್ಪತ್ತು ನಿಮಿಷದ ಈ ಗಲಾಟೆ ಮುಗಿದ ಮೇಲೆ ಟವೆಲು ಕುರ್ಚಿಗೆ ಮರಳಿತು. 'ಈಗ ಬರೆಯಿರಿ. ನೀವು ಬೊಮ್ಮನಹಳ್ಳಿಯ ಯಾರಾದರೂ ಒಬ್ಬರು. ಆ ರಾತ್ರಿ ನಿಮ್ಮ ಮನೆ' ಎಂದರು. ಪೀಠಿಕೆ ಏನು ಎಂದು ಯಾರೂ ಕೇಳಲಿಲ್ಲ. ಕೆಲವರು ಪೊಲೀಸರಿಗೆ ದೂರು ಬರೆದರು. ಪಠ್ಯದ ಪತ್ರಲೇಖನ ಅಲ್ಲೇ ಆಗಿಹೋಯಿತು. ಒಬ್ಬ ಹುಡುಗಿ ತಾಯಿಯಾಗಿ ಬರೆದದ್ದು ಹೀಗಿತ್ತು: ಡಬ್ಬಿಯಲ್ಲಿಟ್ಟ ಕೋಡುಬಳೆ ಹಾಗೇ ಇದೆ, ಇಲಿಯೂ ತಿನ್ನಲಿಲ್ಲ, ಮಗನೂ ತಿನ್ನಲಿಲ್ಲ.

ಗೈಡು ಬರೆಯುವವರಿಗೆ ಈ ಕೋಡುಬಳೆ ಹೊಳೆಯುವುದಿಲ್ಲ.

ಮೇಷ್ಟ್ರು ಮಾಡಿದ್ದಕ್ಕೆ ಶಿಕ್ಷಣಶಾಸ್ತ್ರದಲ್ಲಿ ದೊಡ್ಡ ಹಿನ್ನೆಲೆಯೇ ಇದೆ. ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ (1926-2011) ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಉಣ್ಣೆ ಗಿರಣಿಗೆ ಕೆಲಸಕ್ಕೆ ಹೋದವರು. ಮುಂದೆ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೇ ಪಾಠ ಹೇಳಿದರು. ಶಿಕ್ಷಕರೂ ಒಂದು ಪಾತ್ರವಾಗಿ ಮಕ್ಕಳ ನಡುವೆ ಇಳಿಯಬೇಕು, ನೋಡುಗರಿಲ್ಲದಿದ್ದರೂ ನಾಟಕ ನಡೆಯಬೇಕು ಎಂಬುದು ಅವರ ದಾರಿ. ಇಟಲಿಯ ಮಕ್ಕಳ ಕಥೆಗಾರ ಜಾನಿ ರೋದಾರಿ 1973ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಸುಲಭದ ಆಟ ಹೇಳಿಕೊಟ್ಟರು: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ ಕೊಡಿ, ನಡುವಿನ ಕಥೆಯನ್ನು ಮಕ್ಕಳು ಕಟ್ಟಲಿ. ಅವರದು ನಾಯಿ ಮತ್ತು ಬೀರು. ನಮ್ಮಲ್ಲಿ ಎಮ್ಮೆ ಮತ್ತು ಲಿಫ್ಟು ಎನ್ನಿ, ತರಗತಿ ಮನೆಗೆ ಹೋಗಲು ಒಪ್ಪುವುದಿಲ್ಲ.

ಇಷ್ಟಕ್ಕೂ ನಾವು ಪರದೇಶದ ಕಡೆಗೇ ನೋಡಬೇಕಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದರು, ಆಡಿಸಿದರು. ಬಿ.ವಿ. ಕಾರಂತರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದವರು. ಟ್ಯಾಗೋರರ ಗಿಳಿಯ ಕಥೆಯಿಂದ ಅವರು ಕಟ್ಟಿದ 'ಪಂಜರ ಶಾಲೆ' ಶಿಕ್ಷಣದ ಮೇಲೆ ಮಕ್ಕಳೇ ಆಡಿ ತೋರಿಸಬಹುದಾದ ಟೀಕೆ. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ನಡೆಸಿದರು. ವೈದೇಹಿ 'ಧಾಂ ಧೂಂ ಸುಂಟರಗಾಳಿ'ಯಲ್ಲಿ ಶೇಕ್ಸ್‌ಪಿಯರನ 'ಟೆಂಪೆಸ್ಟ್' ಅನ್ನೇ ಮಕ್ಕಳ ಕೈಗೆ ಕೊಟ್ಟರು. ಕರಾವಳಿಯ ಯಕ್ಷಗಾನವಂತೂ ಇದ್ದೇ ಇದೆ. ಭಾಗವತರು ಪದ ಹೇಳುತ್ತಾರೆ, ವೇಷಧಾರಿ ಅರ್ಥವನ್ನು ತಾನೇ ಆ ಕ್ಷಣಕ್ಕೆ ಕಟ್ಟಿ ಆಡುತ್ತಾನೆ. ಎದುರಾಳಿ ಏನು ಹೇಳುತ್ತಾನೋ ಗೊತ್ತಿಲ್ಲ. ಕೇಳಿಸಿಕೊಂಡೇ ಉತ್ತರ ಹುಟ್ಟಬೇಕು. ಇದಕ್ಕಿಂತ ಕಠಿಣವಾದ ಸೃಜನಶೀಲ ಬರವಣಿಗೆಯ ಪಾಠ ಯಾವುದಿದೆ? ಶಾಲಾ ಮಕ್ಕಳ ಯಕ್ಷಗಾನದಲ್ಲಿ ಮಾತ್ರ ಹೆಚ್ಚಿನ ಕಡೆ ಅರ್ಥವನ್ನೂ ಗುರುಗಳೇ ಬರೆದುಕೊಟ್ಟು ಉರು ಹೊಡೆಸುತ್ತಾರೆ. ಒಂದು ಪದಕ್ಕಾದರೂ ಮಕ್ಕಳ ಸ್ವಂತ ಅರ್ಥಕ್ಕೆ ಅವಕಾಶ ಬಿಟ್ಟರೆ ಏನೂ ಮುಳುಗುವುದಿಲ್ಲ.

ಹಾಗಿದ್ದೂ ಶಾಲೆಯಲ್ಲಿ ನಾಟಕ ಎಂದರೆ ವಾರ್ಷಿಕೋತ್ಸವ ಎಂದೇ ಆಗಿದೆ. ಡಿಸೆಂಬರ್ ಬಂತೆಂದರೆ ಹೊರಗಿನಿಂದ ನಿರ್ದೇಶಕರು ಬರುತ್ತಾರೆ, ಬಾಡಿಗೆ ಕಿರೀಟ ಬರುತ್ತದೆ, ಮೊದಲೇ ಧ್ವನಿಮುದ್ರಿಸಿದ ಸಂಭಾಷಣೆಗೆ ಮಕ್ಕಳು ತುಟಿ ಆಡಿಸುತ್ತಾರೆ. ಚುರುಕಾದವರಿಗೆ ಪಾತ್ರ, ಉಳಿದವರು ಮರ ಅಥವಾ ಸೈನಿಕ. ನನ್ನ ಮಟ್ಟಿಗೆ ಇದು ನಾಟಕದ ತರಗತಿಗೆ ನೇರ ಶತ್ರು. ಪೋಷಕರ ಮೊಬೈಲಿಗಾಗಿ ನಡೆಯುವ ಈ ಪ್ರದರ್ಶನಕ್ಕೂ ಮಗುವಿನ ಮಾತು ಹುಟ್ಟುವುದಕ್ಕೂ ಸಂಬಂಧ ಕಡಿಮೆ. ಪ್ರತಿಭಾ ಕಾರಂಜಿಯ ಕಂಠಪಾಠ, ಛದ್ಮವೇಷಗಳಲ್ಲೂ ಬಹುಮಾನ ಸಿಗುವುದು ಚೆನ್ನಾಗಿ ಒಪ್ಪಿಸಿದವರಿಗೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳು ಒಳ್ಳೆಯ ಕೆಲಸ ಮಾಡಿವೆ. ಆದರೆ ಅವು ರಜೆಯ ವಿಷಯ, ಅದೂ ಪೇಟೆಯ ಮಕ್ಕಳಿಗೆ ದಕ್ಕುವಂಥವು. ಸರ್ಕಾರ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದೂ ಉಂಟು. ಇಡೀ ರಾಜ್ಯಕ್ಕೆ ಅವರು ಬೆರಳೆಣಿಕೆಯಷ್ಟು. ಇರುವ ಕಡೆಯೂ ಎಸ್‌ಎಸ್‌ಎಲ್‌ಸಿ ಹತ್ತಿರ ಬಂತೆಂದರೆ ಅವರ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ.

ಭಾಷೆಯ ಸಂಗತಿ ಇನ್ನೂ ಸೂಕ್ಷ್ಮ. ಮನೆಯಲ್ಲಿ ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಲಂಬಾಣಿ, ತುಳು, ಉರ್ದು ಆಡುವ ಮಗು ಶಾಲೆಯ ಹಾಳೆಯ ಮೇಲೆ ಪುಸ್ತಕದ ಕನ್ನಡ ಬರೆಯಬೇಕು. ಬರೆದ ಮೊದಲ ಸಾಲಿಗೇ ಕೆಂಪು ಶಾಯಿ ಬೀಳುತ್ತದೆ: ಅಕಾರ-ಹಕಾರ, ಒತ್ತಕ್ಷರ. ಕಥೆಯಲ್ಲಿ ಅಜ್ಜಿ ಏನು ಹೇಳಿದಳು ಎಂಬುದನ್ನು ಯಾರೂ ಓದಿಯೇ ಇರುವುದಿಲ್ಲ. ನಾಟಕದಲ್ಲಿ ಈ ತೊಡಕಿಲ್ಲ. ಅಜ್ಜಿ ಅಜ್ಜಿಯ ಮಾತನ್ನೇ ಆಡಬೇಕು, ಇಲ್ಲವಾದರೆ ಪಾತ್ರ ನಿಲ್ಲುವುದಿಲ್ಲ. ಚಂದ್ರಶೇಖರ ಕಂಬಾರರು ಬೆಳಗಾವಿ ಸೀಮೆಯ ಮಾತಲ್ಲಿ 'ಜೋಕುಮಾರಸ್ವಾಮಿ' ನಾಟಕ ಬರೆದರು, ದೇವನೂರ ಮಹಾದೇವರು ನಂಜನಗೂಡಿನ ಕಡೆಯ ಮಾತಲ್ಲಿ 'ಕುಸುಮಬಾಲೆ' ಕಾದಂಬರಿ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ದೊಡ್ಡವರಿಗೆ ಪ್ರಶಸ್ತಿ ತಂದ ಮಾತಿಗೆ ಏಳನೇ ತರಗತಿಯಲ್ಲಿ ಅಂಕ ಕಳೆಯುವುದು ಯಾವ ನ್ಯಾಯ? ಕಾಗುಣಿತ ಬೇಡ ಎನ್ನುತ್ತಿಲ್ಲ. ಮೊದಲ ಸಲ ಬರೆದದ್ದನ್ನು ಮಗು ಗಟ್ಟಿಯಾಗಿ ಓದಲಿ, ಗೆಳೆಯರು ಕೇಳಲಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಅವರೇ ಹೇಳಲಿ. ತಿದ್ದುವುದು ಎರಡನೇ ಸಲಕ್ಕೆ. ತರಗತಿಯ ಗೋಡೆಪತ್ರಿಕೆಗೆ ಅಂಟಿಸುವ ಮುನ್ನ ಮಕ್ಕಳು ಒತ್ತಕ್ಷರವನ್ನು ತಾವಾಗಿಯೇ ಸರಿಮಾಡಿಕೊಳ್ಳುತ್ತಾರೆ. ಊರೆಲ್ಲ ಓದುತ್ತದೆ ಎಂಬ ಅಂಜಿಕೆ ಕೆಂಪು ಶಾಯಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊತ್ತವರ ಆ ಪ್ರಶ್ನೆ ಸುಳ್ಳಲ್ಲ. ಆದರೆ ಬೊಮ್ಮನಹಳ್ಳಿಯ ತರಗತಿಗೆ ಬೇಕಾದದ್ದು ಒಂದು ಪೀರಿಯಡ್ಡು ಮತ್ತು ಒಂದು ಟವೆಲು. ಪದ್ಯ ಪಠ್ಯದ್ದೇ, ಪತ್ರಲೇಖನ ಪರೀಕ್ಷೆಯದ್ದೇ. ಇಲಾಖೆ ಹೊಸ ಪುಸ್ತಕ ಅಚ್ಚು ಹಾಕಿಸಬೇಕಾಗಿಲ್ಲ, ಬಿ.ಇಡಿ. ಓದುವಾಗಲೇ ಶಿಕ್ಷಕರಿಗೆ ಹೀಗೆ ಒಂದು ಪಾತ್ರವಾಗಿ ನಿಲ್ಲುವ ಅಭ್ಯಾಸ ಮಾಡಿಸಿದರೆ ಸಾಕು.

ಪೋಷಕರಿಗೆ ಒಂದು ಮಾತು. ಈ ಸಲ ಮಗುವಿನ ಶಾಲೆಯಿಂದ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಬಂದಾಗ ಮುಖ್ಯ ಅತಿಥಿ ಯಾರೆಂದು ಆಮೇಲೆ ನೋಡಿ. ಮೊದಲು ನಾಟಕದ ಹೆಸರಿನ ಕೆಳಗೆ 'ರಚನೆ' ಎಂದಿರುವಲ್ಲಿ ಯಾರಿದ್ದಾರೆ ನೋಡಿ. ಅಲ್ಲಿ 'ಎಂಟನೇ ತರಗತಿ, ಬಿ ವಿಭಾಗ' ಎಂದಿದ್ದರೆ ರಜೆ ಹಾಕಿಯಾದರೂ ಹೋಗಿ, ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ. ಇಲ್ಲದಿದ್ದರೆ, ಯಾಕಿಲ್ಲ ಎಂದು ಹೆಡ್‌ಮಾಸ್ಟರನ್ನು ಕೇಳಿ.