ನ್ಯಾಯಮೂರ್ತಿ ಸರ್ ತಿರುವಾರೂರು ಮುತ್ತುಸ್ವಾಮಿ ಅಯ್ಯರವರು

ತಿಂಗಳಿಗೆ ೧ ರೂಪಾಯಿ ಸಂಬಳಕ್ಕೆ ಹಳ್ಳಿಯ ಶಾನುಭೋಗನ ಕೈಕೆಳಗೆ ಲೆಕ್ಕ ಬರೆಯುತ್ತಿದ್ದ ಬಡ ಬಾಲಕನೊಬ್ಬನು ಮುಂದೆ ಮದರಾಸು ಹೈಕೋರ್ಟಿನ ನ್ಯಾಯಪೀಠವನ್ನೇರಿದನೆಂದರೆ ಯಾರಿಗಾದರೂ ಅಚ್ಚರಿಯಾಗದಿರದು. ಆದರೆ ಇದು ಕಟ್ಟುಕಥೆಯಲ್ಲ. ಆ ಮಹನೀಯರ ಚರಿತ್ರೆಯನ್ನು ನಮ್ಮ ವಾಚಕರ, ಅದರಲ್ಲಿಯೂ ಮಕ್ಕಳ ಏಳಿಗೆಯನ್ನು ಬಯಸುವ ತಾಯಿತಂದೆಗಳ ಮುಂದೆ ಸಂಗ್ರಹವಾಗಿ ಇರಿಸುತ್ತೇವೆ.

ಮುತ್ತುಸ್ವಾಮಿ ಅಯ್ಯರವರು ೧೮೩೨ನೆಯ ಜನವರಿಯಲ್ಲಿ ತಂಜಾವೂರು ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ ಜನಿಸಿದರು. ಎಳೆತನದಲ್ಲಿಯೇ ತಂದೆ ತೀರಿಕೊಂಡುದರಿಂದ ತಾಯಿಯು ಮಕ್ಕಳೊಡನೆ ತಿರುವಾರೂರಿಗೆ ಬಂದು ನೆಲಸಬೇಕಾಯಿತು. ಹೊಟ್ಟೆಯ ಪಾಡಿಗಾಗಿ ಬಾಲಕನು ಮೇಲೆ ಹೇಳಿದ ಚಾಕರಿಗೆ ಸೇರಿದನು. ಕೆಲವೇ ಕಾಲದಲ್ಲಿ ತಾಯಿಯೂ ಗತಿಸಿದಳು.

ಆಗ ಆ ತಾಲ್ಲೂಕಿನ ತಹಶೀಲ್ದಾರರಾಗಿದ್ದವರು ಮುತ್ತುಸ್ವಾಮಿ ನಾಯಕರು. ಒಂದು ದಿನ ನದಿಯ ಏರಿ ಒಡೆದುದಾಗಿ ಸುದ್ದಿ ಬಂದಿತು. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಲಕನೇ ಸ್ಥಳಕ್ಕೆ ಹೋಗಿ, ಎಲ್ಲವನ್ನೂ ವಿಚಾರಿಸಿ ತಿಳಿದು ಬಂದು ಚೊಕ್ಕಟವಾಗಿ ಅರಿಕೆಮಾಡಿದನೆಂದೂ, ಅದು ಅಕ್ಷರಶಃ ನಿಜವಾಗಿದ್ದುದನ್ನು ಕಂಡು ತಹಶೀಲ್ದಾರರು ಬೆರಗಾದರೆಂದೂ ಹೇಳುವರು. ಆ ಉದಾರಿಯು ಹುಡುಗನನ್ನು ಮೊದಲು ನಾಗಪಟ್ಟಣದ ಮಿಷನ್ ಶಾಲೆಗೂ ಬಳಿಕ ಮದರಾಸಿಗೂ ಕಳುಹಿಸಿ ಓದಿಸಿದರು. ಮನೆಯಲ್ಲಿ ಎಣ್ಣೆಗೆ ಗತಿಯಿಲ್ಲದೆ ಬೀದಿಯ ದೀಪದ ಕೆಳಗೆ ಕುಳಿತು ಓದಿದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ೧೮೫೪ರಲ್ಲಿ ಇಂಗ್ಲಿಷ್ ಪ್ರಬಂಧಕ್ಕಾಗಿ ಅವರಿಗೆ ೫೦೦ ರೂಪಾಯಿಗಳ ಬಹುಮಾನ ದೊರೆಯಿತು.

ಅನಂತರ ಮುನಸೀಫರಾಗಿ, ಡೆಪ್ಯುಟಿ ಕಲೆಕ್ಟರರಾಗಿ ಮೆಟ್ಟಲು ಮೆಟ್ಟಲಾಗಿ ಮೇಲೇರಿದರು. ೧೮೬೫ರಿಂದ ೧೮೬೮ರವರೆಗೆ ಮಂಗಳೂರಿನಲ್ಲಿ ಸಬ್‌ಜಡ್ಜರಾಗಿದ್ದುದು ಕನ್ನಡಿಗರಾದ ನಮಗೆ ನೆನೆಯತಕ್ಕ ವಿಷಯ. ಬಳಿಕ ಮದರಾಸಿನಲ್ಲಿ ಮ್ಯಾಜಿಸ್ಟ್ರೇಟರಾಗಿ ಕೆಲಸಮಾಡುತ್ತಲೇ ಬಿ.ಎಲ್. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು.

ಆ ಕಾಲದ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ಹೈಕೋರ್ಟಿನ ಐರೋಪ್ಯ ನ್ಯಾಯಾಧೀಶರೊಬ್ಬರು ಬಡವನೊಬ್ಬನನ್ನು ಹೊಡೆದರೆಂದು ಫಿರ್ಯಾದು ಬಂದಿತು. ಅಷ್ಟು ದೊಡ್ಡವರನ್ನು ಕಟಕಟೆಗೆ ಕರೆಯಿಸುವುದೇ ಎಂದು ಹಿತೈಷಿಗಳು ಅಂಜಿದರು. ಅಯ್ಯರವರು ಅಂಜಲಿಲ್ಲ. ಸಮನ್ಸು ಕಳುಹಿಸಿ, ಎಲ್ಲರಂತೆ ಅವರನ್ನೂ ವಿಚಾರಿಸಿ, ೩ ರೂಪಾಯಿ ದಂಡ ವಿಧಿಸಿದರೆಂದು ಪ್ರತೀತಿಯಿದೆ. ದಂಡವು ಅಲ್ಪವೇ ಸರಿ; ಆದರೆ ಧರ್ಮಾಸನದ ಮುಂದೆ ದೊರೆಯೂ ಆಳೂ ಒಂದೇ ಎಂಬ ತತ್ವದ ಬೆಲೆ ಅಲ್ಪವೇ?

ಕಲ್ಕತ್ತೆಯಲ್ಲಿ ೧೮೬೩ರಲ್ಲಿಯೇ ಶಂಭುನಾಥ ಪಂಡಿತರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. ಮದರಾಸಿಗೆ ಆ ಭಾಗ್ಯ ೧೮೭೮ರಲ್ಲಿ ಅಯ್ಯರವರಿಂದ ಒದಗಿತು. ಆದರೆ ಆಂಗ್ಲೇಯರ ಪತ್ರಿಕೆಗಳು ಈ ನೇಮಕವನ್ನು ಹಳಿದು ಬರೆದವು. ಪ್ರತ್ಯುತ್ತರ ಕೊಡಲು ನಮ್ಮವರ ಕೈಯಲ್ಲಿ ಪತ್ರಿಕೆಯೇ ಇರಲಿಲ್ಲ. ಇದರಿಂದ ನೊಂದ ಆರು ಮಂದಿ ತರುಣರು, ಜಿ. ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರು, ಒಂದೂಮುಕ್ಕಾಲು ರೂಪಾಯಿ ಸಾಲ ತೆಗೆದು, ಅದೇ ವರ್ಷದ ಸೆಪ್ಟೆಂಬರ್ ೨೦ರಂದು ೮೦ ಪ್ರತಿಗಳನ್ನು ಅಚ್ಚುಹಾಕಿಸಿದರು. 'ದಿ ಹಿಂದೂ' ಪತ್ರಿಕೆ ಹುಟ್ಟಿದ್ದು ಹೀಗೆ. ಒಬ್ಬನ ಯೋಗ್ಯತೆಗೆ ಬಂದ ನಿಂದೆಯೇ ನಾಡಿಗೆ ಒಂದು ನಾಲಗೆಯನ್ನು ಕೊಟ್ಟಿತು!

ನಿಂದೆಗೆ ಅಯ್ಯರವರು ತಮ್ಮ ತೀರ್ಪುಗಳಿಂದಲೇ ಉತ್ತರವಿತ್ತರು. ೧೮೯೧ರಲ್ಲಿ ಮಲಬಾರು ವಿವಾಹ ಕಮಿಷನ್ನಿಗೆ ಅಧ್ಯಕ್ಷರಾದರು. ಅಲ್ಲಿ ಅಳಿಯಸಂತಾನದ ಕುಟುಂಬಗಳಲ್ಲಿ ನಡೆಯುತ್ತಿದ್ದ ಸಂಬಂಧಗಳಿಗೆ ಕಾಯಿದೆಯ ಮನ್ನಣೆ ಇರಲಿಲ್ಲ. ಆ ಮನ್ನಣೆಗೆ ದಾರಿಮಾಡಿದ ಶಾಸನವು ೧೮೯೬ರಲ್ಲಿ ಬಂದಿತು. ೧೮೯೩ರಲ್ಲಿ ಅವರಿಗೆ 'ಸರ್' ಪದವಿ ಲಭಿಸಿತು. ಅದೇ ವರ್ಷ ಕೆಲವು ತಿಂಗಳು ಮುಖ್ಯ ನ್ಯಾಯಾಧೀಶರ ಸ್ಥಾನದಲ್ಲಿಯೂ ಕುಳಿತರು. ೧೮೯೫ನೆಯ ಜನವರಿಯಲ್ಲಿ ದಿವಂಗತರಾದರು. ಈಗ ಚೆನ್ನೈ ಎನಿಸಿಕೊಂಡಿರುವ ಆ ನಗರದ ಹೈಕೋರ್ಟಿನಲ್ಲಿ ಅವರ ಅಮೃತಶಿಲೆಯ ಪ್ರತಿಮೆಯಿದೆ.

ಆ ಪ್ರತಿಮೆಯನ್ನು ನೆನೆಯುವಾಗ ನಾವು ತಿರುವಾರೂರಿನ ತಹಶೀಲ್ದಾರರನ್ನೂ ನೆನೆಯಬೇಕು. ಬಡ ಹುಡುಗನ ಜಾಣತನವನ್ನು ಕಂಡು ಮೆಚ್ಚುವವರು ಅನೇಕರು. ಮೆಚ್ಚಿದ ಮೇಲೆ ಅವನ ಓದಿನ ಭಾರವನ್ನು ಹೊರುವವರು ವಿರಳ. ನಮ್ಮ ನಿಮ್ಮ ಬೀದಿಗಳಲ್ಲಿಯೂ ಅಂಥ ಬಾಲಕರು ಇದ್ದಾರು. ಅವರನ್ನು ಗುರುತಿಸುವ ಕಣ್ಣೂ ಕೈಹಿಡಿಯುವ ಮನಸ್ಸೂ ನಮಗಿರಲಿ.