ಹಿತ್ತಲಿನ ಹೂಗಿಡಗಳನ್ನು ಋತು ದಾಟಿಸುವ ಬಗೆ

ಭದ್ರಾವತಿಯಿಂದ ಉತ್ತರಕ್ಕೆ, ಭತ್ತದ ಗದ್ದೆಗಳ ಮತ್ತು ಅಡಿಕೆಯ ತೋಟಗಳ ನಡುವೆ ಸಾಗುವ ದಾರಿಯಲ್ಲಿ, ಭದ್ರೆಯು ಕೂಡ್ಲಿಯಲ್ಲಿ ತುಂಗೆಯನ್ನು ಸೇರುವುದಕ್ಕೆ ಸ್ವಲ್ಪ ಮೊದಲು ದೊರೆಯುವ ಹೊಳೆಹೊನ್ನೂರು, 1830ರಲ್ಲಿ ವೃಂದಾವನಸ್ಥರಾದ ಶ್ರೀ ಸತ್ಯಧರ್ಮತೀರ್ಥರ ಸನ್ನಿಧಾನದಿಂದ ನಾಡಿನಲ್ಲಿ ಪ್ರಸಿದ್ಧವಾದ ಊರು. ದೇವರ ಪೂಜೆಗೂ ಹೆಂಗಸರ ಮುಡಿಗೂ ದಿನಬೆಳಗಾದರೆ ಹೂವು ಬೇಕಾಗುವ ಇಂತಹ ಊರುಗಳಲ್ಲಿ ಹಿತ್ತಲು ನಿತ್ಯಕರ್ಮದ ಒಂದು ಅಂಗವೇ ಸರಿ. ದಾಸವಾಳ, ನಂದಿಬಟ್ಟಲು, ದುಂಡುಮಲ್ಲಿಗೆ, ಜಾಜಿ, ಕನಕಾಂಬರ, ಇವುಗಳಲ್ಲಿ ಒಂದೂ ಇಲ್ಲದ ಹಿತ್ತಲನ್ನು ಈ ಸೀಮೆಯಲ್ಲಿ ಕಾಣುವುದು ಅಪರೂಪ. ಆದರೆ ಪ್ರತಿವರ್ಷವೂ ಇವುಗಳಲ್ಲಿ ಕೆಲವು ಗಿಡಗಳು, ಎಷ್ಟು ಅಕ್ಕರೆಯಿಂದ ಸಾಕಿದ್ದರೂ, ಆಷಾಢದ ಜಡಿಮಳೆಯಲ್ಲಿ ಬುಡ ಕೊಳೆತೋ ಚೈತ್ರದ ಬಿಸಿಲಿನಲ್ಲಿ ಸುರುಟಿಯೋ ಅಳಿದುಹೋಗುವುದನ್ನು ನೋಡಿದಾಗ, ಗಿಡವನ್ನು ಬೆಳೆಸುವ ವಿದ್ಯೆಗಿಂತಲೂ, ಅದಕ್ಕೆ ಒಗ್ಗದ ಋತುವನ್ನು ಅದರಿಂದ ದಾಟಿಸುವ ವಿದ್ಯೆಯೇ ಹೆಚ್ಚಿನದೆಂದು ನನಗೆ ತೋರುವುದುಂಟು.

ಶೀತದೇಶಗಳಲ್ಲಿ ಈ ವಿದ್ಯೆಯ ಪೂರ್ಣ ಲಕ್ಷ್ಯವೆಲ್ಲ ಹಿಮದ ಮೇಲಿದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಎಲೆ ಕಾಂಡಗಳ ಜೀವಕೋಶಗಳು ಒಡೆದು ಗಿಡ ಒಂದೇ ರಾತ್ರಿಯಲ್ಲಿ ಕಪ್ಪಗಾಗುವುದರಿಂದ, ಅಲ್ಲಿಯವರು ಉಷ್ಣವಲಯದ ಗಿಡಗಳನ್ನು ಕುಂಡಸಹಿತ ಮನೆಯೊಳಕ್ಕೆ ತಂದಿಟ್ಟು, ವಸಂತ ಬಂದ ಮೇಲೆ ಹೊರಗಿಡುತ್ತಾರೆ. ಗಾಜಿನ ಮನೆ ಹುಟ್ಟಿದ್ದೇ ಈ ಅಗತ್ಯದಿಂದ. 1851ರಲ್ಲಿ ಲಂಡನ್ನಿನಲ್ಲಿ ಸ್ಫಟಿಕ ಪ್ರಾಸಾದವನ್ನು ರಚಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಸುಕುಮಾರ ಸಸ್ಯಗಳ ರಕ್ಷಣೆಗಾಗಿ ಗಾಜಿನ ಮನೆಗಳನ್ನು ಕಟ್ಟಿ ಅನುಭವ ಪಡೆದವನು. 1889ರಲ್ಲಿ ಅಸ್ತಿಭಾರ ಹಾಕಿಸಿಕೊಂಡ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಅದೇ ಪ್ರಾಸಾದದ ವಂಶದ್ದು. ನಮ್ಮ ಅರೆಮಲೆನಾಡಿನಲ್ಲಿ ಹಿಮದ ಭಯವಿಲ್ಲ. ಆಗುಂಬೆಯಂತೆ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಮಳೆಯೂ ಹೊಳೆಹೊನ್ನೂರಿಗೆ ಬಾರದು. ಆದರೂ ಪುನರ್ವಸು ಪುಷ್ಯ ಮಳೆಗಳು ಹಿಡಿದವೆಂದರೆ ಬಿಸಿಲಿನ ಮುಖ ಕಾಣದ ದಿನಗಳು ಒಂದರ ಮೇಲೊಂದು ಬರುತ್ತವೆ. ಅದೇ ನೆಲವು ಮಾರ್ಚಿಯಿಂದ ಮೇ ತಿಂಗಳವರೆಗೆ ಬಿರುಕು ಬಿಡುತ್ತದೆ. ಈ ಎರಡು ಪರೀಕ್ಷೆಗಳಲ್ಲಿ ತಾಯಿಗಿಡ ಸೋತರೂ ಅದರ ಸಂತಾನ ಉಳಿಯುವಂತೆ ಮಾಡಿಕೊಳ್ಳುವುದಕ್ಕೆ ಇರುವ ಉಪಾಯವೇ ಕಡ್ಡಿ ಊರುವುದು.

ಬೀಜವಿರಲು ಕಡ್ಡಿಯೇಕೆ ಎಂದು ಕೇಳಬಹುದು. ಹಿತ್ತಲಿನ ಬಹುಪಾಲು ಹೂಗಿಡಗಳಿಗೆ ಬೀಜವೇ ಇಲ್ಲ. ಸುತ್ತುದಳದ ದಾಸವಾಳ ಕಾಯಿ ಕಟ್ಟುವುದು ತೀರ ವಿರಳ. ದುಂಡುಮಲ್ಲಿಗೆಯದೂ ಅದೇ ಕಥೆ. ಕನಕಾಂಬರದಲ್ಲಿ ಮಾತ್ರ ಎರಡು ಬಗೆ. ನಮ್ಮ ಹಳೆಯ ಕಿತ್ತಳೆ ಬಣ್ಣದ ಕನಕಾಂಬರದ ತೆನೆಯಲ್ಲಿ ಹೂವು ಉದುರಿದ ಮೇಲೆ ಕಟ್ಟುವ ಕಂದುಬಣ್ಣದ ಸಣ್ಣ ಕಾಯಿಯನ್ನು ಒಣಗಿದ ಮೇಲೆ ಒಂದು ಬಟ್ಟಲು ನೀರಿಗೆ ಹಾಕಿ ನೋಡಬೇಕು: ಕ್ಷಣಕಾಲ ಸುಮ್ಮನಿದ್ದು, ಥಟ್ಟನೆ ಸಿಡಿದು, ಚಪ್ಪಟೆಯಾದ ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಒಣಗಿದ ಸಿಪ್ಪೆಯೊಳಗೆ ಬಿಗಿದಿದ್ದ ಸೆಳೆತ ತೇವ ತಾಕಿದೊಡನೆ ಬಿಡುಗಡೆ ಹೊಂದುವುದೇ ಇದಕ್ಕೆ ಕಾರಣ. ಮೊದಲ ಮಳೆ ಬಿದ್ದ ಕ್ಷಣದಲ್ಲೇ, ಮೊಳೆಯುವುದಕ್ಕೆ ತಕ್ಕ ಹದವಿರುವ ನೆಲದ ಮೇಲೆ ಬೀಜ ಬಿತ್ತುವ ಈ ಏರ್ಪಾಡಿಗಿಂತ ನಾಜೂಕಾದದ್ದನ್ನು ನಾನು ಹಿತ್ತಲಿನಲ್ಲಿ ಬೇರೆ ಕಂಡಿಲ್ಲ. ಆದರೆ ಪೇಟೆಯಲ್ಲಿ ದೆಹಲಿ ಕನಕಾಂಬರವೆಂದು ಮಾರುವ, ಹೂವು ದೊಡ್ಡದಾದ ಬಗೆಗೆ ಈ ಭಾಗ್ಯವಿಲ್ಲ; ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಕೂಟ ಎರಡರ ಬದಲು ಮೂರಾಗಿರುವುದರಿಂದ ಅದು ಬೀಜ ಕಟ್ಟದು, ಕಡ್ಡಿಯಿಂದಲೇ ವೃದ್ಧಿಯಾಗಬೇಕು. ಬೀಜವಿಲ್ಲದ ಗಿಡಕ್ಕೆ ಕೈಯಿಂದ ಕೈಗೆ ದಾಟುವುದೊಂದೇ ಗತಿ. ಗೋವೆಯಿಂದ ತರಿಸಿದ ಸುತ್ತುದಳದ ಮಲ್ಲಿಗೆಯನ್ನು 17ನೆಯ ಶತಮಾನದ ಅಂತ್ಯದಲ್ಲಿ ಇಟಲಿಯ ಟಸ್ಕನಿಯ ದೊರೆಯೊಬ್ಬನು ಯಾರಿಗೂ ಒಂದು ಕಡ್ಡಿಯನ್ನೂ ಕೊಡದೆ ಕಾವಲಿಟ್ಟು ಸಾಕಿದನೆಂದೂ, ಅವನ ತೋಟದ ಮಾಲಿಯೊಬ್ಬನು ತಾನೊಲಿದ ಹುಡುಗಿಗೆ ಒಂದು ರೆಂಬೆಯನ್ನು ಕದ್ದು ಕೊಡಲು, ಅವಳು ಅದನ್ನು ಊರಿ ಚಿಗುರಿಸಿದಳೆಂದೂ ಒಂದು ಕಥೆಯುಂಟು. ಆ ಮಲ್ಲಿಗೆ ಇಂದಿಗೂ ಟಸ್ಕನಿಯ ದೊರೆಯ ಹೆಸರಿನಲ್ಲಿಯೇ ಲೋಕದಲ್ಲೆಲ್ಲ ಬೆಳೆಯುತ್ತಿದೆ.

ಈಗ ಊರುವ ಕ್ರಮ. ಬೇರಿಲ್ಲದ ಕಡ್ಡಿ ಆದಾಯವಿಲ್ಲದೆ ವ್ಯಯ ಮಾತ್ರವಿರುವ ಗೃಹಸ್ಥನ ಸ್ಥಿತಿಯಲ್ಲಿರುತ್ತದೆ. ಎಲೆಗಳ ಮೂಲಕ ನೀರು ಆರಿಹೋಗುತ್ತಲೇ ಇರುವುದು, ಕೆಳಗಿನಿಂದ ಏರಿಬರುವ ನೀರು ಅತ್ಯಲ್ಪ. ಆದ್ದರಿಂದ ನಾವು ಮಾಡುವ ಉಪಚಾರವೆಲ್ಲವೂ ಬೇರು ಮೂಡುವ ತನಕ ಆ ವ್ಯಯವನ್ನು ಕಡಿಮೆಮಾಡುವ ಉಪಾಯವೆಂದು ತಿಳಿದರೆ ಉಳಿದದ್ದೆಲ್ಲ ತಾನೇ ಅರ್ಥವಾಗುವುದು. ತೀರ ಎಳೆಯ ಚಿಗುರೂ ಬಲಿತು ಕಟ್ಟಿಗೆಯಾದ ಕೊಂಬೆಯೂ ಒದಗುವುದಿಲ್ಲ. ಹಸಿರು ಮಾಸಿ ಕಂದು ತಿರುಗುತ್ತಿರುವ, ಸೀಸದಕಡ್ಡಿಯಷ್ಟು ದಪ್ಪದ, ಗೇಣುದ್ದದ ರೆಂಬೆ ಬೇಕು. ಅದರಲ್ಲಿ ಮೂರು ನಾಲ್ಕು ಗೆಣ್ಣುಗಳಿರಬೇಕು. ಕೆಳತುದಿಯನ್ನು ಗೆಣ್ಣಿಗೆ ತುಸುವೇ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಹರಿತವಾದ ಚಾಕುವಿನಿಂದ ಕೊಯ್ದರೆ, ಹತ್ತಾರು ಕಡ್ಡಿಗಳನ್ನು ಒಟ್ಟಿಗೆ ಊರುವಾಗ ಯಾವುದು ಬುಡ ಯಾವುದು ತುದಿ ಎಂಬ ಗೊಂದಲವಾಗದು. ತಲೆಕೆಳಗಾಗಿ ಊರಿದ ಕಡ್ಡಿ ಸಾಮಾನ್ಯವಾಗಿ ಬದುಕುವುದಿಲ್ಲ, ಏಕೆಂದರೆ ಬೇರನ್ನು ಬರಿಸುವ ರಸವು ಕಾಂಡದಲ್ಲಿ ತುದಿಯಿಂದ ಬುಡದ ಕಡೆಗೆ ಹರಿಯುವ ಸ್ವಭಾವವುಳ್ಳದ್ದು. ಈ ರಸದ ಇರವನ್ನು 1928ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ ಓಟ್ಸ್ ಮೊಳಕೆಗಳ ತುದಿಯನ್ನು ಕೊಯ್ದು ತೋರಿಸಿದನು; ಆಕ್ಸಿನ್ ಎಂಬ ಹೆಸರಿನ ಆ ದ್ರವ್ಯದ ಕೃತಕ ರೂಪವೇ ಇಂದು ಗೊಬ್ಬರದ ಅಂಗಡಿಯಲ್ಲಿ ದೊರೆಯುವ ಬೇರು ಬರಿಸುವ ಪುಡಿ. ಮಲ್ಲಿಗೆಗೆ ಅದು ಸಹಾಯಕ. ದಾಸವಾಳಕ್ಕೆ ಅದಿಲ್ಲದಿದ್ದರೂ ನಡೆಯುತ್ತದೆ.

ಕೆಳಗಿನ ಎಲೆಗಳನ್ನೆಲ್ಲ ತೆಗೆದು, ಮೇಲಿನ ಎರಡನ್ನು ಮಾತ್ರ ಅರ್ಧರ್ಧ ಕತ್ತರಿಸಿ ಉಳಿಸಬೇಕು. ನಂದಿಬಟ್ಟಲಿನ ಕಡ್ಡಿಯಿಂದ ಹಾಲು ಸೋರುವುದರಿಂದ, ಅದನ್ನು ನೀರಿನಲ್ಲಿ ತೊಳೆದು ಗಾಯ ಸ್ವಲ್ಪ ಆರಿದ ಮೇಲೆ ಊರುವುದು ಲೇಸು. ಮಣ್ಣಿನ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟಶಾಲಿ: ತೊಳೆದ ಹೊಳೆಮರಳು ಒಂದು ಪಾಲು, ಅಕ್ಕಿ ಗಿರಣಿಯಿಂದ ತಂದು ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಒಂದು ಪಾಲು, ಕೆಮ್ಮಣ್ಣು ಒಂದು ಪಾಲು ಸೇರಿಸಿದರೆ ಸಾಕು. ಗೊಬ್ಬರವನ್ನು ಈ ಹಂತದಲ್ಲಿ ಹಾಕಲಾಗದು; ಉಣ್ಣಲು ಬೇರಿಲ್ಲದವನಿಗೆ ಅದು ಕೊಳೆಯುವುದಕ್ಕೇ ಕಾರಣವಾಗುವುದು. ಎರಡು ಗೆಣ್ಣು ಮಣ್ಣಿನೊಳಗೆ ಇಳಿಯುವಂತೆ ಊರಿ, ಬುಡವನ್ನು ಬೆರಳಿನಿಂದ ಒತ್ತಿ, ನೀರು ಹನಿಸಿ, ಕುಂಡಕ್ಕೆ ತೆಳುವಾದ ಪಾಲಿಥೀನ್ ಚೀಲವನ್ನು ಮುಚ್ಚಿ ನೆರಳಿನಲ್ಲಿಡಬೇಕು. ಒಳಗಿನ ತೇವ ಹೊರಹೋಗದೆ ಚೀಲದ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಮಣ್ಣಿಗಿಳಿಯುತ್ತದೆ. ಲಂಡನ್ನಿನ ನ್ಯಾಥನಿಯಲ್ ವಾರ್ಡ್ ಎಂಬ ವೈದ್ಯನು ಮುಚ್ಚಿದ ಸೀಸೆಯೊಳಗೆ ಜರೀಗಿಡವೊಂದು ತಾನೇ ಮೊಳೆತು ಬದುಕಿದ್ದುದನ್ನು ಕಂಡು, ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ತುಂಬಿ 1833ರಲ್ಲಿ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿ ಸಫಲನಾದುದು ಇದೇ ತತ್ತ್ವದಿಂದ. ಆ ಬಳಿಕ ಲೋಕದ ಹೂಗಿಡಗಳು ಸಮುದ್ರ ದಾಟಿದ್ದೆಲ್ಲ ಹೆಚ್ಚುಕಡಿಮೆ ಅಂತಹ ಪೆಟ್ಟಿಗೆಗಳಲ್ಲಿಯೇ.

ಕನಕಾಂಬರಕ್ಕೆ ಮೂರು ನಾಲ್ಕು ವಾರ, ದಾಸವಾಳಕ್ಕೆ ಒಂದು ತಿಂಗಳು ಒಂದೂವರೆ ತಿಂಗಳು, ಮಲ್ಲಿಗೆಗೆ ಅದಕ್ಕಿಂತ ತುಸು ಹೆಚ್ಚು ಕಾಲ ಬೇಕಾದೀತು. ಎಲೆ ಚಿಗುರಿದ ಮಾತ್ರಕ್ಕೆ ಬೇರು ಬಂದಿತೆಂದು ಸಂಭ್ರಮಿಸಬಾರದು, ಕಡ್ಡಿಯಲ್ಲಿ ಉಳಿದಿದ್ದ ಸತ್ತ್ವದಿಂದಲೇ ಚಿಗುರು ಬರುವುದುಂಟು. ಮೆಲ್ಲನೆ ಎಳೆದಾಗ ಮಣ್ಣು ಹಿಡಿದುಕೊಂಡಿದ್ದರೆ ಮಾತ್ರ ನಂಬಬಹುದು.

ಕಾಲ ಯಾವುದೆಂದರೆ, ರೋಹಿಣಿ ಮೃಗಶಿರಾ ಮಳೆಗಳ ಸಂಧಿ ಉತ್ತಮ; ಗಾಳಿಯಲ್ಲಿ ತೇವವಿದ್ದು ನೆಲದಲ್ಲಿ ಬೇಸಗೆಯ ಬಿಸಿ ಉಳಿದಿರುತ್ತದೆ. ಆದರೆ ಅಲ್ಲಿಂದ ಒಂದು ತಿಂಗಳಿಗೇ ಜಡಿಮಳೆ ಹಿಡಿಯುವುದರಿಂದ ಆ ಕುಂಡಗಳನ್ನು ಮಾಡಿನ ಕೆಳಗೆ, ಸೂರಿನ ನೀರು ಬೀಳದ ಕಡೆ ಇಟ್ಟಿರಬೇಕು. ಅಡಿಕೆ ಬೆಳೆಗಾರರಿಗೆ ಕೊಳೆರೋಗವೆಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಮೇಲೆ ಪ್ರಬಂಧ ಪ್ರಕಟಿಸಿ, ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದನು. ನಿಂತ ನೀರಿನಲ್ಲಿ ಈಜಾಡುವ ಬೀಜಾಣುಗಳಿಂದ ಹರಡುವ ಆ ರೋಗದ ದಾಯಾದಿಗಳೇ ಕುಂಡದಲ್ಲಿ ಕಡ್ಡಿಯ ಬುಡವನ್ನು ಕಪ್ಪಾಗಿಸುವವು. ನೂರು ಲೀಟರು ನೀರಿಗೆ ಮೈಲುತುತ್ತವೂ ಸುಣ್ಣವೂ ಒಂದೊಂದು ಕಿಲೋದಂತೆ ಕಲಸಿ ತೋಟಕ್ಕೆ ಹೊಡೆಯುವ ದಿನ, ಒಂದು ತಂಬಿಗೆಯಷ್ಟನ್ನು ಹಿತ್ತಲಿಗೂ ಉಳಿಸಿ ಕುಂಡದ ಮಣ್ಣನ್ನು ತೋಯಿಸಿದರೆ ಬಹಳ ಗಿಡಗಳು ಉಳಿಯುತ್ತವೆ. ಕುಂಡದ ತೂತಿನಿಂದ ನೀರು ಇಳಿದುಹೋಗುತ್ತಿರುವುದೋ ಇಲ್ಲವೋ ಎಂದು ನೋಡಿಕೊಳ್ಳುವುದು ಮಾತ್ರ ಇದಕ್ಕಿಂತಲೂ ಮುಖ್ಯ.

ಹಳೆಯದಾಗಿ ಕಡ್ಡಿಗೆ ಒಗ್ಗದ ಗಿಡಗಳಿಗೆ ಗೂಟಿ ಕಟ್ಟುವುದುಂಟು. ಬೆರಳು ಗಾತ್ರದ ಕೊಂಬೆಯಲ್ಲಿ ಅಂಗುಲದಷ್ಟು ತೊಗಟೆಯನ್ನು ಬಳೆಯಂತೆ ಸುತ್ತ ತೆಗೆದು, ಲೋಳೆಯನ್ನು ಚಾಕುವಿನಿಂದ ಕೆರೆದು, ನೆನೆಸಿ ಹಿಂಡಿದ ತೆಂಗಿನ ನಾರನ್ನು ಸುತ್ತಿ ಪಾಲಿಥೀನಿನಿಂದ ಎರಡೂ ಕಡೆ ಬಿಗಿದು ಕಟ್ಟಬೇಕು. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯಲಾರದೆ ಗಾಯದ ಮೇಲಂಚಿನಲ್ಲಿ ಸೇರಿ ಬೇರಾಗಿ ಹೊಮ್ಮುತ್ತದೆ. ನೀರು ಮಾತ್ರ ಒಳಗಿನ ಕಟ್ಟಿಗೆಯ ಮೂಲಕ ಏರುತ್ತಲೇ ಇರುವುದರಿಂದ ಕೊಂಬೆ ಬಾಡದು.

ಹೊರದೇಶಗಳಿಗೆ ಹೋಗಿ ನೆಲೆಸಿರುವ ನಮ್ಮ ಜನ ಷಿಕಾಗೋ ಟೊರಾಂಟೊಗಳಂತಹ ಹಿಮದೂರುಗಳಲ್ಲಿಯೂ ಕುಂಡದಲ್ಲಿ ಮಲ್ಲಿಗೆ ದಾಸವಾಳಗಳನ್ನು ಸಾಕುತ್ತಾರೆ. ರಾತ್ರಿಯ ಶಾಖ 10 ಡಿಗ್ರಿಗೆ ಇಳಿಯುವ ಮುನ್ನವೇ ಕುಂಡಗಳನ್ನು ಒಳತಂದು, ಬಿಸಿಲು ಬೀಳುವ ಕಿಟಕಿಯ ಬಳಿಯಿಟ್ಟು, ನೀರನ್ನು ಅರ್ಧಕ್ಕೆ ಇಳಿಸಿ, ಗೊಬ್ಬರವನ್ನು ಪೂರ್ತಿ ನಿಲ್ಲಿಸಬೇಕು. ಎಲೆ ಹಳದಿಯಾಗಿ ಉದುರಿದರೆ ಹೆದರಿ ನೀರು ಸುರಿಯುವುದರಿಂದಲೇ ಬಹಳ ಗಿಡಗಳು ಸಾಯುತ್ತವೆ. ಬೆಳಕು ಕಡಿಮೆಯಾದಾಗ ಎಲೆ ಕಳೆದುಕೊಳ್ಳುವುದು ಅವುಗಳ ಸಹಜ ಧರ್ಮ. ಕಾಯಿಸಿದ ಮನೆಯ ಒಣಗಾಳಿಯಲ್ಲಿ ಎಲೆಯ ಅಡಿಯಲ್ಲಿ ಕೆಂಪುನುಸಿ ಸೇರುವುದರಿಂದ, ವಾರಕ್ಕೊಮ್ಮೆ ಎಲೆಗಳ ಕೆಳಮೈಯನ್ನು ನೀರಿನಿಂದ ತೊಳೆಯಬೇಕು. ವಸಂತದಲ್ಲಿ ಒಮ್ಮೆಲೇ ಬಿಸಿಲಿಗೆ ಒಡ್ಡದೆ ಒಂದೆರಡು ವಾರ ನೆರಳಿನಲ್ಲಿಟ್ಟು ರೂಢಿ ಮಾಡಿಸಬೇಕು.

ನಮ್ಮಲ್ಲಿಯೂ ಮಲ್ಲಿಗೆಗೆ ಒಂದು ಚಳಿಗಾಲದ ವಿಶ್ರಾಂತಿಯುಂಟು, ಅದನ್ನು ನಾವೇ ಕೊಡಬೇಕಾದದ್ದು. ಮಲ್ಲಿಗೆಯ ಮೊಗ್ಗು ಹೊಸ ಚಿಗುರಿನ ತುದಿಯಲ್ಲಿ ಮೂಡುವಂಥದು. ಹಳೆಯ ಬಳ್ಳಿ ಹಾಗೆಯೇ ಬೆಳೆಯುತ್ತ ಹೋದರೆ ಎಲೆ ದಟ್ಟವಾದೀತೇ ಹೊರತು ಹೂವು ಹೆಚ್ಚದು. ಆದ್ದರಿಂದ ಕಾರ್ತಿಕ ಕಳೆದ ಮೇಲೆ ನೀರು ಹಿಡಿದು, ಎಲೆ ಸೊರಗಿದ ಬಳಿಕ, ದುಂಡುಮಲ್ಲಿಗೆಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಸವರಿ, ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನೆಲ್ಲ ತೆಗೆದುಬಿಡುತ್ತಾರೆ. ಕೆಲವು ದಿನ ಬುಡದ ಮಣ್ಣನ್ನು ಬಿಡಿಸಿ ಬಿಸಿಲು ಕಾಣಿಸಿ, ಮೇಲೆ ಕೊಟ್ಟಿಗೆಗೊಬ್ಬರ ಹಾಕಿ ನೀರು ಕಟ್ಟಿದರೆ, ಮಾಘದ ಚಳಿ ಹಿಂದೆಗೆಯುವ ಹೊತ್ತಿಗೆ ಗೆಣ್ಣುಗೆಣ್ಣಿನಲ್ಲೂ ಚಿಗುರು ಒಡೆದು, ಬೇಸಗೆಯುದ್ದಕ್ಕೂ ಮೊಗ್ಗು ಬಿಡುತ್ತದೆ. ತುಂಗಭದ್ರೆಯ ಕೆಳಪಾತ್ರದಲ್ಲಿರುವ ಹೂವಿನ ಹಡಗಲಿಯ ಮಲ್ಲಿಗೆ ಬೇರೆ ಜಾತಿಯದಾದರೂ ಅದನ್ನೂ ಹೀಗೆಯೇ ಚಳಿಗಾಲದಲ್ಲಿ ಸವರುವುದುಂಟು. ಇಷ್ಟು ಮೋಟಾಗಿ ಕತ್ತರಿಸಲು ಮನೆಯ ಹೆಂಗಸರಿಗೆ ಮನಸ್ಸು ಬಾರದಿರುವುದು ಸಹಜ. ಆದರೆ ಕತ್ತಿ ಕಾಣದ ಮಲ್ಲಿಗೆಗಿಂತ ಸವರಿದ ಮಲ್ಲಿಗೆಯೇ ಬೇಸಗೆಯ ಬಿಸಿಲನ್ನು ತಾಳುವುದು ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಏಕೆಂದರೆ ಕಡಿಮೆ ಎಲೆಗೆ ಕಡಿಮೆ ನೀರು ಸಾಕು.

ಹೀಗೆ ಸವರಿದ ರೆಂಬೆಗಳನ್ನು ತಿಪ್ಪೆಗೆ ಎಸೆಯಬಾರದು. ಅವುಗಳಲ್ಲಿ ಹದವಾದವನ್ನು ಆರಿಸಿ, ಗೇಣುಗೇಣು ತುಂಡು ಮಾಡಿ, ಚಳಿಗಾಲದ ಗಾಳಿ ಒಣಗಿರುವುದರಿಂದ ಚೀಲದ ಮುಸುಕನ್ನು ಮರೆಯದೆ ಹಾಕಿ ಊರಿದರೆ, ಯುಗಾದಿಯ ವೇಳೆಗೆ ಬೇರು ಬಂದ ಸಸಿಗಳು ಕೈಗೆ ಬರುತ್ತವೆ. ಅವುಗಳಲ್ಲಿ ಒಂದನ್ನು ನಮ್ಮಲ್ಲಿರಿಸಿಕೊಂಡು, ಉಳಿದವನ್ನು ಕೇರಿಯ ಬೇರೆ ಬೇರೆ ಮನೆಗಳಿಗೆ, ಸಾಧ್ಯವಾದರೆ ನೆಲದ ಗುಣ ಬೇರೆಯಿರುವ ಪಕ್ಕದ ಹಳ್ಳಿಗೂ ಕೊಡುವುದು ಒಳ್ಳೆಯದು. ಆಷಾಢದಲ್ಲಿ ನಮ್ಮ ಹಿತ್ತಲಿನ ಗಿಡ ಕೊಳೆತುಹೋದರೆ, “ಅಕ್ಕಾ, ಆ ಮಲ್ಲಿಗೆಯದೊಂದು ಕಡ್ಡಿ ಕೊಡಿ” ಎಂದು ಕೇಳಲು ನಾಲ್ಕು ಮನೆಗಳಾದರೂ ಇರುತ್ತವೆ.