ದುರ್ಗದ ಸೀಮೆಯಲ್ಲಿ ಅಲೆದ ‘ಸ್ವಪ್ನ ಸಾರಸ್ವತ’

ಚಿತ್ರದುರ್ಗದವರಿಗೆ ವಂಶದ ಕತೆ ಎಂದರೆ ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು 1985ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ದವರೆಗೆ ಆ ಕಾದಂಬರಿಗಳು ನಮ್ಮ ಮನೆಗಳಲ್ಲಿ ರಟ್ಟು ಕಿತ್ತು, ಮತ್ತೆ ಬೈಂಡು ಹಾಕಿಸಿಕೊಂಡು, ಅಜ್ಜನಿಂದ ಮೊಮ್ಮಗಳವರೆಗೆ ಕೈ ಬದಲಾಯಿಸಿವೆ. ಕೋಟೆ ನಮ್ಮದು, ನಾಯಕರು ನಮ್ಮವರು, ಓಬವ್ವ ನಮ್ಮವಳು. ಈ ಅಭಿಮಾನದ ಪಕ್ಕದಲ್ಲಿ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ವನ್ನು ಇಟ್ಟು ಓದಬೇಕು. ಓದಿ ಸುಮ್ಮನಾಗದೆ ಪಕ್ಕದ ತಾಲ್ಲೂಕಿಗೆ ದಾಟಿಸಬೇಕು.

2009ರಲ್ಲಿ ಬಂದು, 2011ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಇದು. ಪೈ ಅವರು ಕಾಸರಗೋಡು ಸೀಮೆಯವರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. 1560ರ ಹೊತ್ತಿಗೆ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವೂ ಬಂತು. ಮನೆ, ಗದ್ದೆ, ಗುಡಿ ಎಲ್ಲ ಬಿಟ್ಟು ದಕ್ಷಿಣಕ್ಕೆ ಹೊರಟ ಸಾರಸ್ವತರ ತಲೆಮಾರುಗಳ ಕತೆಯನ್ನು ಪೈ ಹೇಳುತ್ತಾರೆ. ಜನರಷ್ಟೇ ಅಲ್ಲ, ದೇವರುಗಳೂ ಊರು ಬಿಟ್ಟಿದ್ದವು. ವೆರ್ಣೆಯ ಮ್ಹಾಳಸೆ ಮಾರ್ದೋಳಕ್ಕೆ ಹೋದಳು, ಕುಶಸ್ಥಳಿಯ ಮಂಗೇಶ ನದಿ ದಾಟಿ ಪ್ರಿಯೋಳಕ್ಕೆ ಹೋದ. ಕೆಳಗೆ ಬಂದು ನೆಲೆ ನಿಂತ ಮನೆತನಗಳಿಗೆ ಇಂದಿಗೂ ಕುಲದೇವರು ಗೋವೆಯಲ್ಲೇ.

ದುರ್ಗದ ಓದುಗ ತಟ್ಟನೆ ನಿಲ್ಲುವುದು ಇಲ್ಲಿ. ನಮ್ಮಲ್ಲಿ ಹೊಸಬರು ಸಿಕ್ಕರೆ, ಹೆಣ್ಣು ನೋಡಲು ಹೋದರೆ, ಬಸ್ಸಿನಲ್ಲಿ ಪಕ್ಕ ಕೂತರೂ ಸರಿ, ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಇದೇ: “ನಿಮ್ಮ ಮನೆದೇವ್ರು ಯಾವ್ದು?” ಉತ್ತರದಲ್ಲಿ ಬರುವ ಊರು ಎಷ್ಟೋ ಸಲ ಜಿಲ್ಲೆಯ ಆಚೆಗಿರುತ್ತದೆ, ಕೆಲವೊಮ್ಮೆ ಆಂಧ್ರದಲ್ಲಿರುತ್ತದೆ. ವರ್ಷಕ್ಕೊಮ್ಮೆ ಗಾಡಿ ಮಾಡಿಕೊಂಡು ಹೋಗಿ ಹಣ್ಣುಕಾಯಿ ಮಾಡಿಸಿ ಬರುತ್ತಾರೆ. ಅಜ್ಜಂದಿರು ಅಲ್ಲಿಂದ ಯಾಕೆ ಹೊರಟರು ಎಂದು ಕೇಳಿದರೆ ಬರ, ದಾಯಾದಿ ಜಗಳ, ದನಗಳ ಮೇವು ಎಂದು ಒಂದೊಂದು ಮನೆಯಲ್ಲಿ ಒಂದೊಂದು ಕತೆ.

ನಾನು ಕೊಟ್ಟ ಪ್ರತಿ ಮೊದಲು ಹೊಳಲ್ಕೆರೆಗೆ ಹೋಯಿತು. ಓದಿದ ಮೇಡಂ ಒಬ್ಬರು, ಗಂಡಸರು ದಾರಿ ಹುಡುಕುತ್ತಿರುವಾಗ ಹೆಂಗಸರು ಒಲೆ ಎಲ್ಲಿ ಹೂಡಿದರು ಎಂಬುದು ಇನ್ನಷ್ಟು ಬರಬೇಕಿತ್ತು ಎಂದರು. ನನಗೂ ಆ ಮಾತು ಸರಿ ಎನ್ನಿಸಿತು. ಹೊಸದುರ್ಗದಲ್ಲಿ ಅದನ್ನು ಓದಿದ್ದು ಕಾಲೇಜು ಮುಗಿಸಿದ ತಾಂಡಾದ ಹುಡುಗ. ಅವನ ಅಪ್ಪ ಅವ್ವ ಕಾಫಿ ಹಣ್ಣಿನ ಸುಗ್ಗಿಗೆ ಚಿಕ್ಕಮಗಳೂರಿನ ತೋಟಗಳಿಗೆ ಹೋಗಿ ಬರುವವರು. “ಇವರದು ಒಂದೇ ಸಲದ ವಲಸೆ ಸಾರ್, ನಮ್ಮದು ವರ್ಷಾ ವರ್ಷಾ” ಎಂದ. ಹಿರಿಯೂರಿನಲ್ಲಿ ಪುಸ್ತಕ ಹಿಡಿದ ಹಿರಿಯರ ಮನೆತನ, ಗಡಿ ದಾಟದೆಯೇ ಊರು ಕಳೆದುಕೊಂಡದ್ದು. 1907ರಲ್ಲಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಅಣೆಕಟ್ಟೆ ಮುಗಿದಾಗ ವೇದಾವತಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯವರು ಅವರು. 2022ರಲ್ಲಿ, 89 ವರ್ಷಗಳ ನಂತರ, ಸಾಗರ ಮತ್ತೆ ಕೋಡಿ ಬಿದ್ದಾಗ ಜನ ಸಂಭ್ರಮದಿಂದ ನೋಡಲು ಹೋದರು. ಇವರ ಮನೆಯಲ್ಲಿ ಮಾತ್ರ ಹಳೆಯ ಊರಿನ ಗುಡಿಯ ಮಾತು ಬಂತಂತೆ.

ಅಸ್ಮಿತೆ ಎಂಬ ಮಾತು ಈಗ ಭಾಷಣದಲ್ಲಿ ಸವೆದು ಹೋಗಿದೆ. ಜಾತಿಗೊಂದು ಸಮಾವೇಶ, ಸಮಾವೇಶಕ್ಕೊಂದು ಸ್ಮರಣ ಸಂಚಿಕೆ, ಸಂಚಿಕೆಯಲ್ಲಿ ತಮ್ಮ ಕುಲದ ಮೂಲ. ‘ಸ್ವಪ್ನ ಸಾರಸ್ವತ’ವನ್ನೂ ಒಂದು ಸಮುದಾಯದ ಹೆಮ್ಮೆಯ ಪುಸ್ತಕವಾಗಿ ಓದುವವರಿದ್ದಾರೆ. ಸಮುದಾಯದ ಒಳಜಗಳ, ಸ್ಮಾರ್ತ ವೈಷ್ಣವ ಎಂಬ ಒಡಕು, ಬಂದ ನೆಲದಲ್ಲಿ ಮೊದಲೇ ಇದ್ದವರ ಜೊತೆಗಿನ ತಿಕ್ಕಾಟ ಇವನ್ನೆಲ್ಲ ಬಿಟ್ಟು ಓದಿದರಷ್ಟೇ ಅದು ಸಾಧ್ಯ. ಬೇರೆಯವರ ಕೈಗೆ ಹೋದಾಗಲೇ ಈ ಪುಸ್ತಕಕ್ಕೆ ಬೆಲೆ ಎಂದು ನಾನು ಹೇಳುವುದು ಅದಕ್ಕೇ. ಸಾರಸ್ವತರಲ್ಲದವರು ಅದರಲ್ಲಿ ಹೆಮ್ಮೆ ಹುಡುಕುವುದಿಲ್ಲ, ತಮ್ಮ ಮನೆಯ ಕತೆ ಹುಡುಕುತ್ತಾರೆ.

ಹೊರಗಿನವರು ಬಂದು ಇಲ್ಲಿ ಬರೆದದ್ದೂ ಉಂಟು. ಬೆಳಗಾವಿ ಸೀಮೆಯ ರಾಘವೇಂದ್ರ ಪಾಟೀಲರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ‘ಸಂವಾದ’ ಪತ್ರಿಕೆ ನಡೆಸಿದರು. ಅವರ ‘ತೇರು’ ಕಾದಂಬರಿಗೆ 2005ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಅದೂ ತಲೆಮಾರುಗಳ ಕತೆ, ಆದರೆ ಊರ ತೇರಿಗೆ ರಕ್ತದ ಋಣ ತೀರಿಸುತ್ತಲೇ ಬಂದ ಬಡ ಮನೆತನದ್ದು. ಎರಡನ್ನೂ ಒಟ್ಟಿಗೆ ಓದಿದವರಿಗೆ ತಿಳಿಯುತ್ತದೆ: ಊರು ಬಿಟ್ಟವರ ಸಂಕಟ ಒಂದಾದರೆ, ಊರು ಬಿಡಲಾಗದವರ ಸಂಕಟ ಇನ್ನೊಂದು. ಇನ್ನು ಕಾಡುಗೊಲ್ಲರ, ಮ್ಯಾಸಬೇಡರ ವಲಸೆಯ ಕತೆಗಳು ಪುಸ್ತಕದ ಹಂಗಿಲ್ಲದೆ ಹಾಡಿನಲ್ಲೇ ಕೈಮಾರಿ ಬಂದಿವೆ. ಜುಂಜಪ್ಪ, ಗಾದ್ರಿಪಾಲನಾಯಕರ ಹಿಂದೆ ದನಗಳ ಹಿಂಡು ಸದಾ ನಡೆಯುತ್ತಲೇ ಇರುತ್ತದೆ. ಚಳ್ಳಕೆರೆ ಕಡೆಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಅವಳ ಕಂಠದಲ್ಲಿದ್ದ ಸಾವಿರಾರು ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಕೇಳಿ ಬರೆದುಕೊಂಡರು.

ಮತ್ತೆ ನಾಯಕರಿಗೆ ಬರೋಣ. ಗೆಜೆಟಿಯರ್ ಹೇಳುವಂತೆ ಅವರ ಹಿರಿಯರು ತಿರುಪತಿ ಕಡೆಯಿಂದ ಬಂದು ನೀರ್ಥಡಿಯಲ್ಲಿ ನೆಲೆಸಿದವರು. ಓಬಣ್ಣ, ಓಬವ್ವ ಎಂಬ ಹೆಸರುಗಳ ಬೆನ್ನಿಗೆ ಆಂಧ್ರದ ಅಹೋಬಲವಿದೆ. ಕೋಟೆಯ ಕಲ್ಲಿನಷ್ಟೇ ಸ್ಥಳೀಯರು ಎಂದು ನಾವು ಎದೆ ತಟ್ಟಿಕೊಳ್ಳುವ ಮನೆತನ ವಲಸೆ ಬಂದದ್ದು! 1779ರಲ್ಲಿ ದುರ್ಗ ಬಿದ್ದ ಮೇಲೆ ಹೈದರಾಲಿ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಹುಡುಗರನ್ನು ಆರಿಸಿ ಮತಾಂತರಿಸಿ ಚೇಲಾ ಪಡೆ ಕಟ್ಟಿದ. ‘ದುರ್ಗಾಸ್ತಮಾನ’ ದುರ್ಗದ ಪತನದೊಂದಿಗೆ ಮುಗಿಯುತ್ತದೆ. ಕಾವೇರಿಯ ದಂಡೆಯಲ್ಲಿ ಬೇರೆ ಹೆಸರು, ಬೇರೆ ದೇವರು, ಬೇರೆ ಭಾಷೆಯ ನಡುವೆ ಬೆಳೆದ ಆ ಹುಡುಗರ ಮಕ್ಕಳು ತಾವು ಯಾರು ಎಂದುಕೊಂಡರು? ಹಿರಿಯೂರಿನಲ್ಲಿ ಪುಸ್ತಕ ಓದಿದ ಆ ಹಿರಿಯರು ಕೇಳಿದ್ದು ಇದನ್ನೇ: “ಗೋವೆಯವರದ್ದು ಪೈಗಳು ಬರೆದರು. ದುರ್ಗದಿಂದ ಹೊತ್ತೊಯ್ದವರದ್ದನ್ನ ಯಾವಾಗ ಬರೀತೀರಪ್ಪಾ, ನಿಮ್ಮ ಕಡೆಯವರು?”